ವಿಮಾನ ನಿಲ್ದಾಣದ ಲೌಂಜ್‌ಗೆ ಅತಿಥಿಗಳನ್ನು ಕರೆದೊಯ್ಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ತಂದೆ-ತಾಯಿ, ಮಕ್ಕಳು, ಸಹೋದ್ಯೋಗಿಗಳು ಅಥವಾ ಸ್ನೇಹಿತರ ಜೊತೆ ಪ್ರಯಾಣ ಮಾಡುವವರು ಲೌಂಜ್‌ನ, ಅಂದರೆ ವಿಮಾನಕ್ಕೆ ಕಾಯುವಾಗ ಊಟ ಮತ್ತು ವಿಶ್ರಾಂತಿಗೆಂದು ಇರುವ ಪ್ರತ್ಯೇಕ ಜಾಗದ, ಪ್ರವೇಶದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಪರಿಸ್ಥಿತಿಯನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು, ಹೊರದೇಶದ ನಿಯಮಗಳನ್ನು ನಮ್ಮವರಿಗೆ ಬೇಕಾದಷ್ಟು ಮಟ್ಟಿಗೆ ಸೇರಿಸಿದ್ದೇನೆ. ನಿಯಮಗಳಷ್ಟೇ ಗೊತ್ತಿದ್ದರೆ ಸಾಲದು. ಯಾರು ಒಳಗೆ ಹೋಗುತ್ತಾರೆ, ಯಾರ ಹಣದಲ್ಲಿ ಹೋಗುತ್ತಾರೆ ಎಂಬುದು ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನವಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ವಾಗತ ಕೌಂಟರಿನ ಮುಂದೆ ನಿಂತು ಲೆಕ್ಕ ಹಾಕತೊಡಗಿದಾಗ ಮುಜುಗರಕ್ಕೆ ಒಳಗಾಗುವವರು ಕಾರ್ಡ್ ಹಿಡಿದವರಲ್ಲ, ಅವರನ್ನು ನಂಬಿ ಜೊತೆಗೆ ಬಂದವರು.

ಲೌಂಜ್‌ನಲ್ಲಿ ‘ಅತಿಥಿ’ ಎಂದರೆ ಯಾರು?

ಲೌಂಜ್ ಪ್ರವೇಶದ ಹಕ್ಕು ಬರುವುದು ಬ್ಯಾಂಕಿನ ಕಾರ್ಡ್, ಸದಸ್ಯತ್ವ ಅಥವಾ ಟಿಕೆಟ್‌ನಿಂದ. ಹಾಗೆ ತನ್ನ ಹೆಸರಿನಲ್ಲಿ ಪ್ರವೇಶದ ಹಕ್ಕಿಲ್ಲದೆ, ಹಕ್ಕಿರುವ ಇನ್ನೊಬ್ಬರ ಜೊತೆಯಲ್ಲಿ ಒಳಗೆ ಬರುವ ಪ್ರಯಾಣಿಕರೇ ಅತಿಥಿ. ಗಂಡನ ಕಾರ್ಡಿನ ಮೇಲೆ ಬರುವ ಹೆಂಡತಿಯೂ ಲೌಂಜ್‌ನ ಲೆಕ್ಕದಲ್ಲಿ ಅತಿಥಿಯೇ, ಹತ್ತು ವರ್ಷದ ಮಗನೂ ಅತಿಥಿಯೇ. ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತಿಗೆ ಕೌಂಟರಿನಲ್ಲಿ ಬೆಲೆ ಇರುವುದಿಲ್ಲ, ಏಕೆಂದರೆ ಅಲ್ಲಿ ಎಣಿಕೆ ನಡೆಯುವುದು ತಲೆಗೆ ಇಷ್ಟು ಎಂದು. ನೀವು ಕಾರ್ಡ್ ಕೊಟ್ಟಾಗ ಲೌಂಜ್‌ನವರು ಆ ಭೇಟಿಯ ಬಿಲ್ಲನ್ನು ವೀಸಾ, ರುಪೇಯಂತಹ ಕಾರ್ಡ್ ಜಾಲಕ್ಕೋ ಮಧ್ಯವರ್ತಿ ಸಂಸ್ಥೆಗೋ ಕಳಿಸುತ್ತಾರೆ, ಅವರು ಅದನ್ನು ಬ್ಯಾಂಕಿನಿಂದ ವಸೂಲು ಮಾಡುತ್ತಾರೆ. ನಿಮಗೆ ‘ಉಚಿತ’ ಎನಿಸುವ ಪ್ರತಿಯೊಂದು ಭೇಟಿಗೂ ಹೀಗೆ ಯಾರೋ ಒಬ್ಬರು ದುಡ್ಡು ಕೊಟ್ಟಿರುತ್ತಾರೆ. ಅತಿಥಿಯ ಪಾಲಿನ ದುಡ್ಡನ್ನು ಬ್ಯಾಂಕ್ ಕೊಡಲು ಒಪ್ಪಿರದಿದ್ದರೆ ಅದು ನಿಮ್ಮ ಸ್ಟೇಟ್‌ಮೆಂಟಿಗೆ ಬರುತ್ತದೆ.

ಪ್ರಯಾಣ ಮಾಡದವರನ್ನು, ಅಂದರೆ ಬೀಳ್ಕೊಡಲು ಬಂದವರನ್ನು, ಕರೆದುಕೊಂಡು ಹೋಗಬಹುದೇ?

ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ಇಲ್ಲದೆ ಟರ್ಮಿನಲ್ ಕಟ್ಟಡದ ಬಾಗಿಲನ್ನೇ ದಾಟಲು ಬಿಡುವುದಿಲ್ಲ, ಲೌಂಜ್‌ಗಳಂತೂ ಬಹುತೇಕ ಭದ್ರತಾ ತಪಾಸಣೆಯಾಚೆ ಇರುತ್ತವೆ. ಅಮೆರಿಕಕ್ಕೆ ಹೊರಟ ಮಗಳ ಜೊತೆ ಒಂದು ಕಾಫಿ ಕುಡಿಯಬೇಕು ಎಂಬ ಆಸೆ ಸಹಜವಾದದ್ದು. ಅದಕ್ಕೆ ಬೆಂಗಳೂರಿನಲ್ಲಿ ಟರ್ಮಿನಲ್ ಎದುರಿನ ಹೋಟೆಲುಗಳೇ ಸೂಕ್ತ ಜಾಗ.

ಇಬ್ಬರೂ ಅದೇ ದಿನ ಪ್ರಯಾಣಿಸುತ್ತಿದ್ದೇವೆ, ಆದರೆ ಬೇರೆ ಬೇರೆ ವಿಮಾನಗಳಲ್ಲಿ. ಅತಿಥಿಯಾಗಿ ಒಳಗೆ ಬಿಡುತ್ತಾರೆಯೇ?

ಇದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು, ನೀವಿಬ್ಬರೂ ಒಂದೇ ಜಾಗಕ್ಕೆ ತಲುಪಲು ಸಾಧ್ಯವೇ ಎಂಬುದು. ಬೆಂಗಳೂರಿನ ಒಂದನೆಯ ಟರ್ಮಿನಲ್ ಈಗ ದೇಶೀಯ ವಿಮಾನಗಳಿಗಷ್ಟೇ ಮೀಸಲಾಗಿದೆ. ಎರಡನೆಯ ಟರ್ಮಿನಲ್ಲಿನಲ್ಲಿ 2023ರ ಜನವರಿಯಲ್ಲಿ ದೇಶೀಯ ಸಂಚಾರ ಆರಂಭವಾಯಿತು, ಅದೇ ವರ್ಷದ ಸೆಪ್ಟೆಂಬರ್ 12ರಿಂದ ಅಂತಾರಾಷ್ಟ್ರೀಯ ವಿಮಾನಗಳೂ ಅಲ್ಲಿಗೆ ಸ್ಥಳಾಂತರವಾದವು. ಅಣ್ಣ ಇಂಡಿಗೊ ವಿಮಾನದಲ್ಲಿ ಒಂದನೆಯ ಟರ್ಮಿನಲ್ಲಿನಿಂದ ಮುಂಬೈಗೆ ಹೊರಟಿದ್ದು, ತಮ್ಮ ಏರ್ ಇಂಡಿಯಾದಲ್ಲಿ ಎರಡನೆಯ ಟರ್ಮಿನಲ್ಲಿನಿಂದ ದೆಹಲಿಗೆ ಹೊರಟಿದ್ದರೆ, ಎಂತಹ ಕಾರ್ಡ್ ಇದ್ದರೂ ಇಬ್ಬರೂ ಒಂದೇ ಲೌಂಜ್‌ನಲ್ಲಿ ಕೂರಲು ಆಗುವುದಿಲ್ಲ. ಎರಡನೆಯ ಟರ್ಮಿನಲ್ಲಿನ ಒಳಗೂ ಇಮಿಗ್ರೇಷನ್ ದಾಟಿದವರ ಲೌಂಜ್ ಬೇರೆ, ದೇಶೀಯ ಪ್ರಯಾಣಿಕರ ಲೌಂಜ್ ಬೇರೆ.

ಎರಡನೆಯದು, ನಿಮ್ಮ ಹಕ್ಕು ಎಲ್ಲಿಂದ ಬಂದಿದೆ ಎಂಬುದು. ಹಲವು ಲೌಂಜ್‌ಗಳಿಗೆ ಪ್ರವೇಶ ಕೊಡಿಸುವ ಪ್ರಯಾರಿಟಿ ಪಾಸ್‌ನಂತಹ ಸದಸ್ಯತ್ವದಲ್ಲಿ ಅತಿಥಿಯ ಬಳಿ ಅಂದಿನ ಬೋರ್ಡಿಂಗ್ ಪಾಸ್ ಇರಬೇಕು, ಸದಸ್ಯರು ಜೊತೆಯಲ್ಲೇ ಇರಬೇಕು, ಅಷ್ಟೇ. ವಿಮಾನಯಾನ ಸಂಸ್ಥೆಗಳ ಒಕ್ಕೂಟಗಳ ನಿಯಮ ಇದಕ್ಕಿಂತ ಬಿಗಿಯಾಗಿದೆ. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಏರ್‌ಲೈನ್‌ನ ಗೋಲ್ಡ್ ಸದಸ್ಯತ್ವ ಇದ್ದರೆ ಎಷ್ಟು ಜನರನ್ನು ಕರೆದೊಯ್ಯಬಹುದು?

ಪದೇ ಪದೇ ಹಾರುವವರಿಗೆ ಏರ್‌ಲೈನ್ ಕೊಡುವ ಮೇಲಿನ ದರ್ಜೆಯೇ ಗೋಲ್ಡ್. ಏರ್‌ಲೈನ್‌ಗಳ ಮೂರು ದೊಡ್ಡ ಒಕ್ಕೂಟಗಳಾದ ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್‌ಗಳಲ್ಲೂ ಮೂಲ ನಿಯಮ ಒಬ್ಬ ಅತಿಥಿ. ಆದರೆ ಆ ಒಬ್ಬರು ಯಾವ ವಿಮಾನದಲ್ಲಿ ಹೊರಟಿರಬೇಕು ಎಂಬಲ್ಲಿ ವ್ಯತ್ಯಾಸವಿದೆ, ಜನರು ಎಡವುವುದೂ ಅಲ್ಲೇ.

ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿದ್ದರಿಂದ ನಮ್ಮಲ್ಲಿ ಹೆಚ್ಚು ಜನರಿಗೆ ಅನ್ವಯಿಸುವುದು ಅದರ ನಿಯಮ. ಏರ್ ಇಂಡಿಯಾದ ಸದಸ್ಯತ್ವ ಯೋಜನೆಯಾದ ಮಹಾರಾಜ ಕ್ಲಬ್‌ನಲ್ಲಿ ಗೋಲ್ಡ್ ಮತ್ತು ಪ್ಲಾಟಿನಮ್ ದರ್ಜೆಯವರಿಗೆ ಸ್ಟಾರ್ ಅಲಯನ್ಸ್ ಗೋಲ್ಡ್ ಸ್ಥಾನ ಸಿಗುತ್ತದೆ. ಸ್ಟಾರ್ ಗೋಲ್ಡ್ ಸದಸ್ಯರು ಕರೆತರುವ ಅತಿಥಿ ಅದೇ ವಿಮಾನದಲ್ಲಿ ಪ್ರಯಾಣಿಸುತ್ತಿರಬೇಕು. ದೆಹಲಿಯಿಂದ ನೀವು ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್‌ಗೂ ನಿಮ್ಮ ತಂಗಿ ಏರ್ ಇಂಡಿಯಾದಲ್ಲಿ ಲಂಡನ್‌ಗೂ ಹೊರಟಿದ್ದರೆ, ಎರಡೂ ಸ್ಟಾರ್ ಅಲಯನ್ಸ್ ಸಂಸ್ಥೆಗಳೇ ಆಗಿದ್ದರೂ ಆಕೆ ನಿಮ್ಮ ಅತಿಥಿಯಾಗಲು ಅರ್ಹಳಲ್ಲ.

ಒನ್‌ವರ್ಲ್ಡ್ ಒಕ್ಕೂಟ ಇಲ್ಲಿ ಸ್ವಲ್ಪ ಉದಾರವಾಗಿದೆ. ಅದರ ಎಮರಾಲ್ಡ್ ಮತ್ತು ಸಫೈರ್ ದರ್ಜೆಯ ಸದಸ್ಯರ ಅತಿಥಿ ಒಕ್ಕೂಟದ ಯಾವುದಾದರೂ ಸಂಸ್ಥೆಯ ವಿಮಾನದಲ್ಲಿ ಹೊರಟಿದ್ದರೆ ಸಾಕು. ಬೆಂಗಳೂರಿನಿಂದ ಕತಾರ್ ಏರ್‌ವೇಸ್‌ನಲ್ಲಿ ಒಬ್ಬರು, ಬ್ರಿಟಿಷ್ ಏರ್‌ವೇಸ್‌ನಲ್ಲಿ ಇನ್ನೊಬ್ಬರು ಹೊರಟಿದ್ದರೂ ಇಲ್ಲಿ ಅವಕಾಶವಿದೆ. ಸ್ಕೈಟೀಮ್‌ನ ಎಲೀಟ್ ಪ್ಲಸ್ ಸದಸ್ಯರಿಗೂ ಒಬ್ಬ ಅತಿಥಿ ಸಲ್ಲುತ್ತಾರೆ.

ನಾನು ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದುಕೊಂಡಿದ್ದೇನೆ, ಅಮ್ಮ ಎಕಾನಮಿಯಲ್ಲಿದ್ದಾರೆ. ಅವರನ್ನು ಕರೆದೊಯ್ಯಬಹುದಲ್ಲವೇ?

ಬಿಸಿನೆಸ್ ಕ್ಲಾಸ್ ಟಿಕೆಟ್ ಎಂಬುದು ಟಿಕೆಟ್ ಹೊಂದಿದವರಿಗೆ ಮಾತ್ರ ಪ್ರವೇಶ ಕೊಡುತ್ತದೆ. ಸ್ಟಾರ್ ಅಲಯನ್ಸ್‌ನಲ್ಲಾಗಲಿ ಒನ್‌ವರ್ಲ್ಡ್‌ನಲ್ಲಾಗಲಿ ಬಿಸಿನೆಸ್ ಕ್ಲಾಸ್ ಪ್ರಯಾಣಿಕರಿಗೆ ಅತಿಥಿಯ ಹಕ್ಕಿಲ್ಲ, ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಮಾತ್ರ ಒಬ್ಬ ಅತಿಥಿಯ ಅವಕಾಶವಿದೆ. ಎಕಾನಮಿಯಲ್ಲಿ ಕೂರುವ ಗೋಲ್ಡ್ ಸದಸ್ಯರು ಒಬ್ಬರನ್ನು ಕರೆತರಬಹುದು, ಆದರೆ ಎರಡು ಲಕ್ಷ ಕೊಟ್ಟು ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡವರು ಕರೆತರುವಂತಿಲ್ಲ ಎಂಬುದು ಅನೇಕರಿಗೆ ವಿಚಿತ್ರವೆನಿಸುತ್ತದೆ. ಆದರೂ ನಿಯಮ ಇರುವುದು ಹೀಗೆಯೇ. ಇಂತಹ ಸಂದರ್ಭದಲ್ಲಿ ಅಮ್ಮನ ಪ್ರವೇಶಕ್ಕೆ ಬೇರೆ ದಾರಿಯನ್ನು, ಅಂದರೆ ಅವರ ಹೆಸರಿನ ಕಾರ್ಡ್ ಅಥವಾ ಹಣ ಕೊಟ್ಟು ಹೋಗಬಹುದಾದ ಲೌಂಜ್‌ ಅನ್ನು, ಮೊದಲೇ ನೋಡಿಟ್ಟುಕೊಳ್ಳಬೇಕು. ಹೆತ್ತವಳನ್ನು ಗೇಟಿನ ಬಳಿಯ ಕುರ್ಚಿಯಲ್ಲಿ ಕೂರಿಸಿ ಮಗನೊಬ್ಬನೇ ಒಳಗೆ ಹೋಗಿ ಊಟ ಮಾಡುವುದನ್ನು ಯಾವ ನಿಯಮವೂ ತಡೆಯುವುದಿಲ್ಲ, ಆದರೆ ಅದು ಸರಿಯಲ್ಲ.

ನನ್ನ ಕ್ರೆಡಿಟ್ ಕಾರ್ಡಿನಲ್ಲಿ ‘ಉಚಿತ ಲೌಂಜ್ ಪ್ರವೇಶ’ ಎಂದಿದೆ. ಅತಿಥಿಗೂ ಅದು ಉಚಿತವೇ?

ಹೆಚ್ಚಿನ ಭಾರತೀಯ ಕಾರ್ಡ್‌ಗಳಲ್ಲಿ ಅಲ್ಲ. ಉಚಿತ ಭೇಟಿಗಳ ಸಂಖ್ಯೆ ಕಾರ್ಡುದಾರರಿಗೆ ಮಾತ್ರ ಸಂಬಂಧಪಟ್ಟದ್ದು. ಕೆಲವು ದುಬಾರಿ ಕಾರ್ಡ್‌ಗಳಲ್ಲಿ ವರ್ಷಕ್ಕೆ ಇಂತಿಷ್ಟು ಅತಿಥಿ ಭೇಟಿಗಳು ಎಂದು ಪ್ರತ್ಯೇಕವಾಗಿ ಬರೆದಿರುತ್ತಾರೆ. ಅಂತಹ ಸಾಲು ನಿಮ್ಮ ಕಾರ್ಡಿನ ಷರತ್ತುಗಳಲ್ಲಿ ಕಾಣದಿದ್ದರೆ ಅತಿಥಿ ಭೇಟಿ ಇಲ್ಲವೆಂದೇ ತಿಳಿಯಿರಿ.

ಈಗೀಗ ಕಾರ್ಡುದಾರರ ಉಚಿತ ಭೇಟಿಗೂ ಖರ್ಚಿನ ಷರತ್ತು ಸೇರಿಕೊಂಡಿದೆ. ಉದಾಹರಣೆಗೆ ಐಸಿಐಸಿಐ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ತನ್ನ ಹಲವು ಕಾರ್ಡ್‌ಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚು ಮಾಡಿರಬೇಕು ಎಂಬ ನಿಯಮ ತಂದಿತು, ಅದೇ ವರ್ಷದ ನವೆಂಬರ್‌ನಲ್ಲಿ ಆ ಮೊತ್ತವನ್ನು 75,000ಕ್ಕೆ ಏರಿಸಿತು. ಬೇರೆ ಬ್ಯಾಂಕುಗಳೂ ಇದೇ ದಾರಿ ಹಿಡಿದಿವೆ, ಕೆಲವು ಸ್ವೈಪ್ ಬದಲು ವೋಚರ್ ಕೊಡುತ್ತವೆ. ಮಧ್ಯವರ್ತಿ ಸಂಸ್ಥೆಗಳೂ ಬದಲಾಗುತ್ತಿರುತ್ತವೆ. ಬಹುಕಾಲ ಅನೇಕ ಬ್ಯಾಂಕುಗಳ ಲೌಂಜ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶೀಯ ಲೌಂಜ್ ಸೇವೆಯನ್ನು ನಿಲ್ಲಿಸಿತು. ಆದ್ದರಿಂದ ಕಳೆದ ದೀಪಾವಳಿಗೆ ನಡೆದದ್ದು ಈ ಯುಗಾದಿಗೂ ನಡೆಯುತ್ತದೆ ಎಂದು ಭಾವಿಸಿ ನಾಲ್ಕು ಜನರನ್ನು ಕರೆದುಕೊಂಡು ಹೋಗಬೇಡಿ. ಹೊರಡುವ ವಾರದಲ್ಲಿ ಬ್ಯಾಂಕಿನ ಆ್ಯಪ್‌ನಲ್ಲಿ ಉಳಿದಿರುವ ಭೇಟಿಗಳನ್ನು ಒಮ್ಮೆ ನೋಡಿಕೊಳ್ಳಿ.

ಕೌಂಟರಿನಲ್ಲಿ 2 ರೂಪಾಯಿ ಮಾತ್ರ ಕಡಿತವಾಯಿತು. ಇಬ್ಬರಿಗೂ ಅಷ್ಟೇ ಅಲ್ಲವೇ?

2 ರೂಪಾಯಿ, ಕೆಲವು ಕಾರ್ಡ್‌ಗಳಲ್ಲಿ 25 ರೂಪಾಯಿ, ಪ್ರವೇಶದ ಶುಲ್ಕವಲ್ಲ. ಕಾರ್ಡ್ ಚಾಲ್ತಿಯಲ್ಲಿದೆಯೇ, ಅದಕ್ಕೆ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳಲು ತೆಗೆದುಕೊಳ್ಳುವ ಮೊತ್ತ ಅದು. ಒಂದು ಸ್ವೈಪ್‌ಗೆ ಒಬ್ಬರೇ ಲೆಕ್ಕ.

ನನ್ನ ಬಳಿ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್‌ಗಳಿವೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಸ್ನೇಹಿತ ಹೋಗಬಹುದೇ?

ಇದು ಬಹಳ ಜನ ಕೇಳುವ, ಬಹಳ ಜನ ಪ್ರಯತ್ನಿಸುವ ದಾರಿ. ಆದರೆ ಕಾರ್ಡಿನ ಮೇಲಿನ ಹೆಸರು ಬೋರ್ಡಿಂಗ್ ಪಾಸ್‌ನ ಹೆಸರಿಗೆ ಹೊಂದಬೇಕು ಎಂಬುದು ನಿಯಮ. ಕೆಲವು ಕಡೆ ಸಿಬ್ಬಂದಿ ನೋಡದೆ ಬಿಟ್ಟಿರಬಹುದು, ಹಾಗೆಂದು ಅದನ್ನು ನಂಬಿ ಇನ್ನೊಬ್ಬರನ್ನು ಆಹ್ವಾನಿಸಬಾರದು.

ಸರಿಯಾದ ದಾರಿ ಬೇರೆಯೇ ಇದೆ. ಪದೇ ಪದೇ ಒಟ್ಟಿಗೆ ಪ್ರಯಾಣಿಸುವ ಹೆಂಡತಿ, ಗಂಡ ಅಥವಾ ಪೋಷಕರಿಗೆ ಆಡ್-ಆನ್ ಕಾರ್ಡ್, ಅಂದರೆ ನಿಮ್ಮ ಖಾತೆಗೇ ಸೇರಿದ, ಅವರ ಹೆಸರಿನ ಹೆಚ್ಚುವರಿ ಕಾರ್ಡ್, ಮಾಡಿಸುವುದು. ಹಲವು ಮೇಲ್ದರ್ಜೆಯ ಕಾರ್ಡ್‌ಗಳಲ್ಲಿ ಆಡ್-ಆನ್ ಕಾರ್ಡ್ ಹೊಂದಿದವರಿಗೆ ಸ್ವಂತ ಪ್ರವೇಶದ ಹಕ್ಕು ಬರುತ್ತದೆ, ಆಗ ಅವರು ಅತಿಥಿಗಳೇ ಆಗಿರುವುದಿಲ್ಲ. ಇನ್ನು ಕೆಲವು ಕಾರ್ಡ್‌ಗಳಲ್ಲಿ ಮುಖ್ಯ ಕಾರ್ಡಿನ ಭೇಟಿಗಳನ್ನೇ ಇಬ್ಬರೂ ಹಂಚಿಕೊಳ್ಳಬೇಕಾಗುತ್ತದೆ. ಅರ್ಜಿ ಹಾಕುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರಯಾರಿಟಿ ಪಾಸ್ ಇದ್ದರೆ ಅತಿಥಿಗೆ ಎಷ್ಟು ಖರ್ಚಾಗುತ್ತದೆ?

1992ರಲ್ಲಿ ಆರಂಭವಾದ ಪ್ರಯಾರಿಟಿ ಪಾಸ್ ಸ್ವತಃ ಲೌಂಜ್ ನಡೆಸುವ ಸಂಸ್ಥೆಯಲ್ಲ, ಬೇರೆಯವರ ಲೌಂಜ್‌ಗಳಿಗೆ ಪ್ರವೇಶ ಕೊಡಿಸುವ ಜಾಲ. ಅತಿಥಿಗೆ ತಲಾ ಶುಲ್ಕವಿದ್ದು ಅದನ್ನು ಸದಸ್ಯರ ಕಾರ್ಡಿನಿಂದ ಡಾಲರ್ ಲೆಕ್ಕದಲ್ಲಿ ತೆಗೆದುಕೊಳ್ಳಲಾಗುತ್ತದೆ. ಬ್ಯಾಂಕಿನ ಒಪ್ಪಂದವನ್ನು ಅವಲಂಬಿಸಿ ಇದು 27 ಡಾಲರಿನಿಂದ 35 ಡಾಲರಿನವರೆಗೆ ಇರುತ್ತದೆ, ನಮ್ಮ ಬ್ಯಾಂಕುಗಳು ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರಿಸುತ್ತವೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 35 ಡಾಲರ್ ಶುಲ್ಕ ತೆರಿಗೆ ಸೇರಿ ಒಬ್ಬರಿಗೆ ಸುಮಾರು 3,500 ರೂಪಾಯಿ ಆಗುತ್ತದೆ. ಅಪ್ಪ-ಅಮ್ಮ ಇಬ್ಬರನ್ನೂ ಕರೆದೊಯ್ದರೆ 7,000 ರೂಪಾಯಿ. ಎರಡು ಇಡ್ಲಿ, ಒಂದು ಲೋಟ ಕಾಫಿ ಮುಗಿಸಿ ಅರ್ಧ ಗಂಟೆಯಲ್ಲಿ ಎದ್ದು ಬರುವುದಾದರೆ ಈ ಹಣ ವ್ಯರ್ಥ. ರಾತ್ರಿ ಎರಡು ಗಂಟೆಯ ವಿಮಾನಕ್ಕೆ ಕಾಯುವ, ಮಂಡಿನೋವಿನ ಹಿರಿಯರಿಗೆ ಮೆತ್ತನೆಯ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಬಿಸಿ ಸಾರು-ಅನ್ನ ಸಿಗುವುದಾದರೆ ಅದೇ ಹಣಕ್ಕೆ ಪೂರ್ತಿ ಬೆಲೆಯಿದೆ ಎಂದು ನಾನು ಭಾವಿಸುತ್ತೇನೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಭಾರತೀಯ ಬ್ಯಾಂಕುಗಳು ಕೊಡುವ ಪ್ರಯಾರಿಟಿ ಪಾಸ್‌ಗಳಲ್ಲಿ ಹಲವು ಹೊರದೇಶದ ಲೌಂಜ್‌ಗಳಲ್ಲಿ ಮಾತ್ರ ಉಚಿತ. ಅದೇ ಪಾಸನ್ನು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ತೋರಿಸಿದರೆ ಒಳಗೆ ಬಿಡುತ್ತಾರೆ, ಆದರೆ ಅತಿಥಿಗೆ ಮಾತ್ರವಲ್ಲ, ನಿಮ್ಮ ಭೇಟಿಗೂ ಶುಲ್ಕ ಬೀಳುತ್ತದೆ. ದೇಶದೊಳಗೆ ಕ್ರೆಡಿಟ್ ಕಾರ್ಡನ್ನೇ ಕೊಡಬೇಕು, ಹೊರದೇಶದಲ್ಲಿ ಪಾಸನ್ನು ಕೊಡಬೇಕು.

ಶುಲ್ಕ ತಪ್ಪಾಗಿ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಕೌಂಟರಿನ ಆ ಒಂದು ನಿಮಿಷದಲ್ಲಿ ಎಚ್ಚರವಾಗಿರಬೇಕು. ಸಿಬ್ಬಂದಿ ಮೊದಲು ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿ, ಆಮೇಲೆ ಕಾರ್ಡ್ ಅಥವಾ ಕ್ಯೂಆರ್ ಕೋಡ್ ತೆಗೆದುಕೊಂಡು, ಯಂತ್ರದಲ್ಲಿ ಜನರ ಸಂಖ್ಯೆ ಒತ್ತುತ್ತಾರೆ. ಅನಂತರ ಒಂದು ಚೀಟಿಯನ್ನೋ ಪರದೆಯನ್ನೋ ನಿಮ್ಮ ಕಡೆ ತಿರುಗಿಸಿ ಸಹಿ ಮಾಡಲು ಹೇಳುತ್ತಾರೆ. ಆ ಪರದೆಯಲ್ಲಿ ನಿಮ್ಮ ಹೆಸರಿನ ಕೆಳಗೆ ಅತಿಥಿಗಳ ಸಂಖ್ಯೆ ಇರುತ್ತದೆ. ಹಿಂದೆ ಸಾಲು ಬೆಳೆದಿರುತ್ತದೆ, ಕೈಯಲ್ಲಿ ಚೀಲ ಇರುತ್ತದೆ, ಮಗು ಅಳುತ್ತಿರುತ್ತದೆ, ಹೀಗಾಗಿ ಹೆಚ್ಚಿನವರು ಬೆರಳಿನಿಂದ ಗೀಚಿ ಒಳಗೆ ನಡೆದುಬಿಡುತ್ತಾರೆ. ಅಲ್ಲಿ ಸೊನ್ನೆ ಇರಬೇಕಾದ ಕಡೆ 1 ಇದ್ದರೆ, ಅಥವಾ ತನ್ನದೇ ಕಾರ್ಡಿನಲ್ಲಿ ಬಂದ ಹೆಂಡತಿಯನ್ನು ನಿಮ್ಮ ಅತಿಥಿ ಎಂದು ನಮೂದಿಸಿದ್ದರೆ, ಅದು ಗೊತ್ತಾಗುವುದು ವಾರಗಳ ನಂತರ, ಸ್ಟೇಟ್‌ಮೆಂಟ್ ಬಂದಾಗ. ನಿಮ್ಮ ಸಹಿ ಇರುವ ದಾಖಲೆಯ ವಿರುದ್ಧ ವಾದಿಸುವುದು ಆಗ ಕಷ್ಟ. ಆದ್ದರಿಂದ ‘ಅತಿಥಿಗಳು ಎಷ್ಟು ಎಂದು ಹಾಕಿದ್ದೀರಿ, ಇದಕ್ಕೆ ಶುಲ್ಕ ಇದೆಯೇ?’ ಎಂದು ಬಾಯಿಬಿಟ್ಟು ಕೇಳಿ, ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹೀಗೆ ಕೇಳುವುದರಲ್ಲಿ ಯಾವ ಸಣ್ಣತನವೂ ಇಲ್ಲ.

ಮಕ್ಕಳಿಗೂ ಶುಲ್ಕ ಇದೆಯೇ?

ಸಾಮಾನ್ಯವಾಗಿ 2 ವರ್ಷದೊಳಗಿನ ಕೂಸುಗಳಿಗೆ ಶುಲ್ಕವಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳನ್ನು ಕೆಲವು ಲೌಂಜ್‌ಗಳು ಪೂರ್ಣ ಅತಿಥಿಗಳೆಂದೂ ಕೆಲವು ರಿಯಾಯಿತಿ ದರದಲ್ಲೂ ಲೆಕ್ಕ ಹಾಕುತ್ತವೆ. ಒಂದೇ ಜಾಲದ ಒಳಗೂ ಲೌಂಜ್‌ನಿಂದ ಲೌಂಜ್‌ಗೆ ಇದು ಬೇರೆಯಾಗುವುದರಿಂದ ಆ್ಯಪ್‌ನಲ್ಲಿ ಆಯಾ ಲೌಂಜ್‌ನ ಹೆಸರಿನ ಕೆಳಗಿರುವ ಷರತ್ತುಗಳನ್ನು ಓದಬೇಕು. ಮಗುವಿನ ವಯಸ್ಸನ್ನು ಕಡಿಮೆ ಮಾಡಿ ಹೇಳಬೇಡಿ. ಮಗು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.

ಒಳಗೆ ಮಕ್ಕಳು ಓಡಾಡುವುದು ಸಹಜ, ಅವರನ್ನು ಗದರಿಸಿ ಕೂರಿಸಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಬಿಸಿ ಪಾತ್ರೆಗಳಿರುವ ಬಫೆ ಮೇಜಿನ ಹತ್ತಿರ ಅವರನ್ನು ಒಂಟಿಯಾಗಿ ಬಿಡಬಾರದು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಡುವುದಾದರೆ ಧ್ವನಿ ತೆಗೆದೇ ಕೊಡಬೇಕು. ಈ ಮಾತು ಮಕ್ಕಳಿಗಿಂತ ಹೆಚ್ಚಾಗಿ, ಸ್ಪೀಕರ್ ಹಾಕಿಕೊಂಡು ವಿಡಿಯೊ ಕರೆಯಲ್ಲಿ ಊರಿನವರ ಜೊತೆ ಮಾತನಾಡುವ ದೊಡ್ಡವರಿಗೆ ಅನ್ವಯಿಸುತ್ತದೆ.

ವಯಸ್ಸಾದ ತಂದೆ-ತಾಯಿ ಗಾಲಿಕುರ್ಚಿ ಸೇವೆಯಲ್ಲಿದ್ದಾರೆ. ಅವರನ್ನು ಲೌಂಜ್‌ಗೆ ಕರೆದೊಯ್ಯುವುದು ಹೇಗೆ?

ವೀಲ್‌ಚೇರ್ ತಳ್ಳುವ ಸಹಾಯಕರು ವಿಮಾನಯಾನ ಸಂಸ್ಥೆಯ ಪರವಾಗಿ ಕೆಲಸ ಮಾಡುವವರು. ಅವರ ಕೆಲಸ ಪ್ರಯಾಣಿಕರನ್ನು ಗೇಟಿಗೆ ತಲುಪಿಸುವುದು. ಆದ್ದರಿಂದ ಚೆಕ್-ಇನ್ ಕೌಂಟರಿನಲ್ಲೇ ‘ನಾವು ಲೌಂಜ್‌ಗೆ ಹೋಗಿ ಆಮೇಲೆ ಗೇಟಿಗೆ ಬರುತ್ತೇವೆ’ ಎಂದು ಹೇಳಬೇಕು. ಸಹಾಯಕರು ಲೌಂಜ್‌ವರೆಗೆ ಬಿಟ್ಟು, ಬೋರ್ಡಿಂಗ್ ಸಮಯಕ್ಕೆ ಮರಳಿ ಬರುವುದು ರೂಢಿ. ಎಷ್ಟು ಗಂಟೆಗೆ, ಯಾವ ಬಾಗಿಲಿಗೆ ಎಂದು ಸ್ಪಷ್ಟವಾಗಿ ಮಾತನಾಡಿಕೊಂಡು ಅವರ ಮೊಬೈಲ್ ಸಂಖ್ಯೆ ಪಡೆದುಕೊಳ್ಳಿ. ಹಿಂದಿರುಗುವುದು ತಡವಾದರೆ ಲೌಂಜ್‌ನ ಸ್ವಾಗತ ಕೌಂಟರಿನವರು ವಿಮಾನಯಾನ ಸಂಸ್ಥೆಗೆ ಫೋನ್ ಮಾಡಿ ಕೊಡುತ್ತಾರೆ. ಅದನ್ನು ಕೇಳಲು ಸಂಕೋಚ ಬೇಡ.

ತಂದೆ-ತಾಯಿ ಇಬ್ಬರೇ ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೊರಟಿದ್ದು, ನೀವು ಜೊತೆಗಿಲ್ಲದಿದ್ದರೆ, ನಿಮ್ಮ ಕಾರ್ಡನ್ನು ಅವರ ಕೈಗೆ ಕೊಟ್ಟು ಕಳಿಸುವುದರಿಂದ ಪ್ರಯೋಜನವಿಲ್ಲ. ಸದಸ್ಯರು ಇಲ್ಲದೆ ಅತಿಥಿ ಇರಲು ಸಾಧ್ಯವಿಲ್ಲ. ಅವರ ಹೆಸರಿನಲ್ಲೇ ಮುಂಗಡವಾಗಿ ಹಣ ಕೊಟ್ಟು ಲೌಂಜ್ ಕಾಯ್ದಿರಿಸುವುದು ಅಥವಾ ಆಡ್-ಆನ್ ಕಾರ್ಡ್ ಕೊಡುವುದು, ಈ ಎರಡರಲ್ಲಿ ಒಂದನ್ನು ಮಾಡಬೇಕು. ಜೊತೆಗೆ ಒಂದು ಕಾಗದದಲ್ಲಿ ಕನ್ನಡದಲ್ಲಿ ಲೌಂಜ್ ಹೆಸರು, ಅದು ಇರುವ ಜಾಗ, ಅಲ್ಲಿಂದ ಹೊರಡಬೇಕಾದ ಸಮಯ ಬರೆದುಕೊಟ್ಟರೆ ಅವರಿಗೆ ಧೈರ್ಯ ಬರುತ್ತದೆ.

ಮನೆಯಿಂದ ತಂದ ಊಟವನ್ನು ಒಳಗೆ ತಿನ್ನಬಹುದೇ? ಅಲ್ಲಿಂದ ಕಟ್ಟಿಸಿಕೊಂಡು ಬರಬಹುದೇ?

ಹೊರಗಿನ ಆಹಾರಕ್ಕೆ ಹೆಚ್ಚಿನ ಲೌಂಜ್‌ಗಳಲ್ಲಿ ಅನುಮತಿ ಇಲ್ಲ. ಕೂಸಿನ ಆಹಾರಕ್ಕೆ ಯಾರೂ ಆಕ್ಷೇಪಿಸುವುದಿಲ್ಲ. ಮಡಿಯಲ್ಲಿ ಊಟ ಮಾಡುವ ಅಥವಾ ಏಕಾದಶಿ ಉಪವಾಸ ಇರುವ ಹಿರಿಯರು ಜೊತೆಗಿದ್ದರೆ ಅಲ್ಲಿ ಅವರಿಗೆ ಸಿಗುವುದು ಹಣ್ಣು, ಮೊಸರು, ಹಾಲು ಇಷ್ಟೇ ಎಂದು ಮೊದಲೇ ತಿಳಿಸಿ. ಆಗ ಅವರು ಮನೆಯಿಂದ ತಂದದ್ದನ್ನು ಹೊರಗಿನ ಆಸನಗಳಲ್ಲಿ ನೆಮ್ಮದಿಯಾಗಿ ತಿಂದು, ಆಮೇಲೆ ವಿಶ್ರಾಂತಿಗೆ ಮಾತ್ರ ಒಳಗೆ ಬರಬಹುದು.

ಒಳಗಿನ ತಿನಿಸನ್ನು ಹೊರಗೆ ಒಯ್ಯುವಂತಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೊಟ್ಟೆ ತುಂಬ ಬಡಿಸಿಕೊಳ್ಳಲು ಸಂಕೋಚ ಬೇಡ, ಆದರೆ ಎಲೆಯ ಮೇಲಿನ ಹೋಳಿಗೆಯನ್ನು ಚೀಲಕ್ಕೆ ತುಂಬಿಕೊಳ್ಳುವುದಿಲ್ಲ. ಅದೇ ಮರ್ಯಾದೆ ಇಲ್ಲಿಗೂ ಸಾಕು. ಹೊರಗೆ ಉಳಿದ ಸ್ನೇಹಿತನಿಗೆಂದು ಟಿಶ್ಯೂ ಕಾಗದದಲ್ಲಿ ಸ್ಯಾಂಡ್‌ವಿಚ್ ಸುತ್ತಿ ತರುವವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಆದರೂ ಅದು ನಿಯಮದ ಉಲ್ಲಂಘನೆಯೇ.

ಅತಿಥಿ ಮದ್ಯ ಕೇಳಿದರೆ?

ಕೆಲವು ಲೌಂಜ್‌ಗಳಲ್ಲಿ ಅದು ಪ್ರವೇಶದಲ್ಲೇ ಸೇರಿರುತ್ತದೆ, ಕೆಲವೆಡೆ ಪ್ರತ್ಯೇಕ ಹಣ ಕೊಡಬೇಕು, ದೇಶೀಯ ಲೌಂಜ್‌ಗಳಲ್ಲಿ ಇಲ್ಲದಿರುವುದೂ ಉಂಟು. ವಯಸ್ಸಿನ ಮಿತಿ ಆಯಾ ರಾಜ್ಯದ ಕಾನೂನಿನ ಪ್ರಕಾರ. ದೆಹಲಿಯಲ್ಲಿ ಅದು 25 ವರ್ಷ ಎಂಬುದನ್ನು ಕಿರಿಯ ಸಹೋದ್ಯೋಗಿಯನ್ನು ಕರೆದೊಯ್ಯುವವರು ನೆನಪಿಡಬೇಕು. ಅತಿಥಿಯ ನಡತೆಗೆ ಕರೆತಂದವರೇ ಹೊಣೆ, ದೂರು ಬಂದರೆ ಅದು ದಾಖಲಾಗುವುದು ಸದಸ್ಯರ ಹೆಸರಿನಲ್ಲಿ.

ಎಷ್ಟು ಹೊತ್ತು ಇರಬಹುದು? ನಾನು ಮೊದಲು ಹೊರಟರೆ ಅತಿಥಿ ಉಳಿಯಬಹುದೇ?

ಎರಡರಿಂದ ಮೂರು ಗಂಟೆ ಸಾಮಾನ್ಯ ಮಿತಿ. ಸದಸ್ಯರು ಹೊರಟಾಗ ಅತಿಥಿಯೂ ಹೊರಡಬೇಕೆಂದು ಕೆಲವು ಲೌಂಜ್‌ಗಳು ಬಯಸುತ್ತವೆ, ಒಳಗೆ ಬರುವಾಗಲೇ ಕೇಳಿಕೊಳ್ಳಿ. ಹಲವು ಲೌಂಜ್‌ಗಳಲ್ಲಿ ವಿಮಾನದ ಘೋಷಣೆ ಕೇಳಿಸುವುದಿಲ್ಲ. ದೇಶೀಯ ವಿಮಾನಗಳ ಬೋರ್ಡಿಂಗ್ ಗೇಟ್ ಹೊರಡುವ ಸಮಯಕ್ಕೆ 20ರಿಂದ 25 ನಿಮಿಷ ಮೊದಲೇ ಮುಚ್ಚುತ್ತದೆ, ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನಲ್ಲಿ ಕೆಲವು ಗೇಟುಗಳಿಗೆ ಬಹಳ ದೂರ ನಡೆಯಬೇಕು. ಮೊದಲ ಬಾರಿಗೆ ವಿಮಾನ ಹತ್ತುವ ಅತಿಥಿಯನ್ನು ಒಬ್ಬರನ್ನೇ ಒಳಗೆ ಬಿಟ್ಟು ಹೋಗಬೇಡಿ.

ಲೌಂಜ್ ತುಂಬಿದೆ ಎಂದು ಬಾಗಿಲಲ್ಲೇ ತಡೆದರೆ ಏನು ಮಾಡಬೇಕು?

ಜಾಗ ಇದ್ದರೆ ಮಾತ್ರ ಪ್ರವೇಶ ಎಂಬ ಸಾಲು ಎಲ್ಲ ಸದಸ್ಯತ್ವಗಳ ಷರತ್ತಿನಲ್ಲೂ ಇರುತ್ತದೆ. ಬೆಂಗಳೂರಿನ 080 ಲೌಂಜ್‌ನ ಮುಂದೆ ಮುಂಜಾನೆಯ ವಿಮಾನಗಳ ಹೊತ್ತಿಗೆ ನಿಲ್ಲುವ ಸಾಲನ್ನು ನೋಡಿದವರಿಗೆ ಇದು ಹೊಸದೇನಲ್ಲ. ಸಿಬ್ಬಂದಿಯ ಮೇಲೆ ಕೂಗಾಡುವುದರಿಂದ ಒಳಗೆ ಕುರ್ಚಿ ಹುಟ್ಟುವುದಿಲ್ಲ. ಒಬ್ಬರಿಗೆ ಮಾತ್ರ ಜಾಗವಿದೆ ಎಂದಾಗ ಏನು ಮಾಡಬೇಕು ಎಂಬುದೇ ನಿಜವಾದ ಪರೀಕ್ಷೆ. ಕೌಂಟರಿನ ಪಕ್ಕದಲ್ಲಿ ಕೈಚೀಲ ಹಿಡಿದು, ತನ್ನಿಂದಲೇ ತೊಂದರೆಯಾಯಿತೇನೋ ಎಂಬಂತೆ ತಲೆ ತಗ್ಗಿಸಿ ನಿಂತ ತಾಯಿ, ‘ನೀನು ಹೋಗಿ ಬಾ ಕಣೋ, ನನಗೇನೂ ಬೇಡ’ ಎನ್ನುತ್ತಿರುವ ದೃಶ್ಯ ಅಪರೂಪವಲ್ಲ. ಎಲ್ಲರೂ ಒಟ್ಟಿಗೆ ಹೋಗಲಾಗದಿದ್ದರೆ ಎಲ್ಲರೂ ಒಟ್ಟಿಗೆ ಹೊರಗೇ ಊಟ ಮಾಡುವುದು ಲೇಸು.

ಅದೇ ರೀತಿ ಒಳಗಿರುವವರೂ ತುಂಬಿದ ಹೊತ್ತಿನಲ್ಲಿ ಪಕ್ಕದ ಕುರ್ಚಿಗಳ ಮೇಲೆ ಚೀಲ ಇಟ್ಟು ಜಾಗ ಹಿಡಿಯಬಾರದು. ತಿಂದಾದ ಮೇಲೆ ಬಾಗಿಲಲ್ಲಿ ಜನ ನಿಂತಿದ್ದರೆ ಸ್ವಲ್ಪ ಬೇಗ ಎದ್ದರೆ ಒಳ್ಳೆಯದು.

ಅಪರಿಚಿತರು ‘ನನ್ನನ್ನೂ ಅತಿಥಿಯಾಗಿ ಕರೆದುಕೊಂಡು ಹೋಗುತ್ತೀರಾ?’ ಎಂದು ಕೇಳಿದರೆ?

ನಿಯಮ ಅದನ್ನು ನೇರವಾಗಿ ತಡೆಯದಿರಬಹುದು, ನಿರ್ಧಾರ ನಿಮ್ಮದು. ಆದರೆ ಅವರಿಂದ ಹಣ ಪಡೆದು ಕರೆದೊಯ್ಯುವುದು ಸದಸ್ಯತ್ವ ರದ್ದಾಗುವಂತಹ ತಪ್ಪು. ಕರೆದೊಯ್ದರೂ ಅವರ ಚೀಲವನ್ನು ನೀವು ನೋಡಿಕೊಳ್ಳುವ ಹೊಣೆ ಹೊರಬೇಡಿ, ನಿಮ್ಮದನ್ನು ಅವರಿಗೆ ಒಪ್ಪಿಸಬೇಡಿ. ‘ಕ್ಷಮಿಸಿ, ನನ್ನ ಕಾರ್ಡಿನಲ್ಲಿ ಆಗುವುದಿಲ್ಲ’ ಎಂದು ಸೌಜನ್ಯದಿಂದ ಹೇಳುವುದು ತಪ್ಪೇನಲ್ಲ. ಕೇಳುವ ಸ್ಥಾನದಲ್ಲಿ ನೀವಿದ್ದರೆ ಒಮ್ಮೆ ಬೇಡವೆಂದವರನ್ನು ಮತ್ತೆ ಒತ್ತಾಯಿಸಬಾರದು.

ಕಚೇರಿ ಪ್ರಯಾಣದಲ್ಲಿ ನಾಲ್ವರಿದ್ದೇವೆ, ನನಗೊಬ್ಬನಿಗೆ ಪ್ರವೇಶವಿದೆ. ಹೇಗೆ ನಡೆದುಕೊಳ್ಳಬೇಕು?

ಒಬ್ಬರನ್ನು ಮಾತ್ರ ಕರೆದೊಯ್ಯುವ ಹಕ್ಕಿದ್ದಾಗ ಮೂವರಲ್ಲಿ ಒಬ್ಬರನ್ನು ಆರಿಸುವುದು, ಅದರಲ್ಲೂ ಮೇಲಧಿಕಾರಿಯನ್ನೇ ಆರಿಸುವುದು, ಉಳಿದವರ ಮನಸ್ಸಿನಲ್ಲಿ ಉಳಿಯುತ್ತದೆ. ತಂಡದ ಜೊತೆ ಹೊರಗೆ ಕೂರುವುದು ಹೆಚ್ಚು ಸೂಕ್ತ. ಅವರಲ್ಲಿ ಒಬ್ಬರು ಗರ್ಭಿಣಿಯಾಗಿದ್ದರೆ ಅಥವಾ ಮೈ ಸರಿಯಿಲ್ಲದಿದ್ದರೆ ಮಾತು ಬೇರೆ, ಆಗ ಆ ಹಕ್ಕು ಅವರಿಗೆ ಸಲ್ಲಬೇಕೆಂದು ಎಲ್ಲರೂ ಒಪ್ಪುತ್ತಾರೆ.

ಅತಿಥಿಯಿಂದ ಹಣ ಕೇಳಬಹುದೇ?

ನೀವೇ ‘ಬನ್ನಿ’ ಎಂದು ಕರೆದಿದ್ದರೆ ಖರ್ಚು ನಿಮ್ಮದು. ಹಂಚಿಕೊಳ್ಳುವುದಾದರೆ ಒಳಗೆ ಹೋಗುವ ಮೊದಲೇ ಮೊತ್ತ ಹೇಳಿ ಒಪ್ಪಿಗೆ ಪಡೆಯಬೇಕು, ತಿಂಗಳ ನಂತರ ಸ್ಟೇಟ್‌ಮೆಂಟಿನ ಚಿತ್ರ ಕಳಿಸಬಾರದು. ಅತಿಥಿಯಾಗಿ ಹೋಗುವವರೂ ‘ಇದಕ್ಕೆ ನಿಮಗೆ ಖರ್ಚಾಗುತ್ತದೆಯೇ?’ ಎಂದು ಒಂದು ಮಾತು ಕೇಳುವುದು ಸೌಜನ್ಯ.

ಅಮೆರಿಕದಲ್ಲಿರುವ ಮಗನ ಕಾರ್ಡಿನಲ್ಲಿ ಅತಿಥಿಗಳಿಗೆ ಉಚಿತವಿತ್ತು. ಈಗಲೂ ಇದೆಯೇ?

ಅಲ್ಲಿಯೂ ನಿಯಮಗಳು ಬಿಗಿಯಾಗಿವೆ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಅಮೆರಿಕದ ಪ್ಲಾಟಿನಮ್ ಕಾರ್ಡುದಾರರಿಗೆ ಆ ಸಂಸ್ಥೆಯದೇ ಆದ ಸೆಂಚುರಿಯನ್ ಲೌಂಜ್‌ಗೆ ಇಬ್ಬರು ಅತಿಥಿಗಳನ್ನು ಉಚಿತವಾಗಿ ಕರೆತರುವ ಅವಕಾಶವಿತ್ತು. 2023ರ ಫೆಬ್ರವರಿಯಿಂದ ವರ್ಷಕ್ಕೆ 75,000 ಡಾಲರ್ ಖರ್ಚು ಮಾಡಿದವರಿಗೆ ಮಾತ್ರ ಅದನ್ನು ಉಳಿಸಿ, ಉಳಿದವರ ವಯಸ್ಕ ಅತಿಥಿಗೆ 50 ಡಾಲರ್ ಮತ್ತು 2ರಿಂದ 17 ವರ್ಷದ ಮಕ್ಕಳಿಗೆ 30 ಡಾಲರ್ ನಿಗದಿ ಮಾಡಲಾಯಿತು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ವೆಂಚರ್ ಎಕ್ಸ್ ಕಾರ್ಡಿಗೂ 2026ರ ಫೆಬ್ರವರಿ 1ರಿಂದ ಇಂತಹದೇ ಮಿತಿ ನಿಗದಿಯಾಗಿದ್ದು, ಅದರ ಸ್ವಂತ ಲೌಂಜ್‌ಗಳಲ್ಲಿ ವಯಸ್ಕ ಅತಿಥಿಗೆ 45 ಡಾಲರ್ ಆಗುತ್ತದೆ. ಮಗ ಡಲ್ಲಾಸ್‌ನಲ್ಲೋ ಸ್ಯಾನ್ ಫ್ರಾನ್ಸಿಸ್ಕೊದಲ್ಲೋ ಹೆತ್ತವರನ್ನು ವಿಮಾನ ಹತ್ತಿಸಲು ಹೊರಡುವ ಮೊದಲು ತನ್ನ ಕಾರ್ಡಿನ ಈಗಿನ ನಿಯಮ ಓದಿಕೊಳ್ಳಲಿ. ಅವನಿಗೂ ಅಂದಿನ ಬೋರ್ಡಿಂಗ್ ಪಾಸ್ ಇರಬೇಕು ಎಂಬುದನ್ನೂ ಮರೆಯಬಾರದು.

ಅತಿಥಿಗೆ ಉಡುಪಿನ ನಿಯಮ ಇದೆಯೇ?

ನಮ್ಮ ದೇಶದ ಲೌಂಜ್‌ಗಳಲ್ಲಿ ಪಂಚೆ ಉಟ್ಟ ಹಿರಿಯರನ್ನು ತಡೆದದ್ದನ್ನು ನಾನು ಕಂಡಿಲ್ಲ. ಸೀರೆ, ಪಂಚೆ, ಚೂಡಿದಾರ ಎಲ್ಲವೂ ಗೌರವದ ಉಡುಪುಗಳೇ. ಆಸ್ಟ್ರೇಲಿಯದಲ್ಲಿ ಕ್ವಾಂಟಾಸ್ ಲೌಂಜ್‌ಗಳು ಮಾತ್ರ ರಬ್ಬರಿನ ಹವಾಯಿ ಚಪ್ಪಲಿ ಹಾಕಿಕೊಂಡವರನ್ನು ಒಳಗೆ ಬಿಡುವುದಿಲ್ಲ. ದೂರದ ಪ್ರಯಾಣದಲ್ಲಿ ಕಾಲು ಊದುತ್ತದೆಂದು ಅದನ್ನೇ ಹಾಕಿಕೊಳ್ಳುವ ಹಿರಿಯರು ಸಿಡ್ನಿ ಅಥವಾ ಮೆಲ್ಬರ್ನ್‌ನಿಂದ ಮರಳುವಾಗ, ಮೆತ್ತನೆಯ ಚರ್ಮದ ಚಪ್ಪಲಿಯನ್ನೋ ಬಟ್ಟೆಯ ಶೂಗಳನ್ನೋ ಕೈಚೀಲದಲ್ಲಿ ಇಟ್ಟುಕೊಂಡಿರಲಿ.